ಸ್ವಿಚ್ಚು ಯಾರ ಕೈಯಲ್ಲಿದೆ: ಆಫೀಸಿನವರೆಲ್ಲ ಸೇರಿ ಇಂಗಾಲ ತಗ್ಗಿಸುವ ಬಗೆ

ಜೂನ್ 5, ವಿಶ್ವ ಪರಿಸರ ದಿನ ಬಂತೆಂದರೆ ಆಫೀಸುಗಳಲ್ಲಿ ಸಸಿ ನೆಡುತ್ತಾರೆ, ಕಂಪನಿಯ ಹೆಸರು ಅಚ್ಚಾದ ಬಟ್ಟೆ ಚೀಲ, ನೀರಿನ ಬಾಟಲಿ ಹಂಚುತ್ತಾರೆ. ಅಂದು ರಾತ್ರಿ ಒಂಬತ್ತಕ್ಕೆ ಅದೇ ಆಫೀಸಿನ ಖಾಲಿ ಮೀಟಿಂಗ್ ರೂಮಿನಲ್ಲಿ ಎಸಿ ಓಡುತ್ತಿರುತ್ತದೆ. ಅಲ್ಲಿನ ಜನರಿಗೆ ಹವಾಮಾನದ ಬಗ್ಗೆ ಕಾಳಜಿ ಇದೆ. ಆದರೆ ಆ ಎಸಿ ಆರಿಸುವುದು ಯಾರ ಕೆಲಸ ಎಂಬುದನ್ನು ಮಾತ್ರ ಯಾರೂ ಯಾರಿಗೂ ಹೇಳಿರುವುದಿಲ್ಲ. ಆಫೀಸಿನಲ್ಲಿ ಎಲ್ಲರೂ ಸೇರಿ ಏನಾದರೂ ಮಾಡಬೇಕೆಂದರೆ ಕೈ ಹಾಕಬೇಕಾದ್ದು ಇಲ್ಲಿಗೆ: ಯಾವ ಸ್ವಿಚ್ಚು, ಯಾವ ಬಕೆಟ್ಟು, ಯಾವ ಪಾರ್ಕಿಂಗ್ ಜಾಗ ಯಾರ ಕೈಯಲ್ಲಿದೆ ಎಂದು ಗೊತ್ತುಮಾಡಿಕೊಂಡು ಅವರನ್ನೇ ಮೊದಲು ಜೊತೆಗೆ ಕರೆದುಕೊಳ್ಳಬೇಕು.

ಕೆಳಗಿನ ಲೆಕ್ಕವೆಲ್ಲ ಬೆಂಗಳೂರಿನ ಬಾಡಿಗೆ ಕಟ್ಟಡದ ಒಂದು ಮಹಡಿಯಲ್ಲಿ 120 ಜನ ಕೆಲಸ ಮಾಡುವ ಆಫೀಸನ್ನು ಮುಂದಿಟ್ಟುಕೊಂಡು ಹಾಕಿದ ಉದಾಹರಣೆ. ನಿಮ್ಮದು 40 ಜನರ ಬ್ಯಾಂಕ್ ಶಾಖೆಯಾಗಿರಬಹುದು, 500 ಜನರ ಕಂಪನಿಯಾಗಿರಬಹುದು. ಅಂಕಿಗಳನ್ನು ಹಿಗ್ಗಿಸಿ, ಕುಗ್ಗಿಸಿ ಬಳಸಿ. ಕ್ರಮ ಮಾತ್ರ ಬದಲಿಸಬೇಡಿ.

ಮೊದಲ ವಾರ: ಏಳು ಜನ, ಮೂರು ಅನುಮತಿ

ಆಸಕ್ತಿ ಇರುವವರು ಕೈಯೆತ್ತಿ ಎಂದು ಎಲ್ಲರಿಗೂ ಮೇಲ್ ಕಳಿಸಿದರೆ ಉತ್ಸಾಹಿಗಳು ಹತ್ತು ಜನ ಸಿಗುತ್ತಾರೆ. ಆ ಹತ್ತು ಜನರಲ್ಲಿ ಒಬ್ಬರ ಕೈಯಲ್ಲೂ ಎಸಿ ರಿಮೋಟ್ ಇರುವುದಿಲ್ಲ, ಕಸದ ಕೋಣೆಯ ಬೀಗದ ಕೈ ಇರುವುದಿಲ್ಲ. ಹಾಗಾಗಿ ತಂಡವನ್ನು ಕೆಲಸ ನೋಡಿ ಕಟ್ಟಿ: ಹೌಸ್‌ಕೀಪಿಂಗ್ ಮೇಲ್ವಿಚಾರಕರು, ರಾತ್ರಿ ಪಾಳಿಯ ಸೆಕ್ಯುರಿಟಿ, ಪ್ಯಾಂಟ್ರಿ ನೋಡಿಕೊಳ್ಳುವವರು, ಕಟ್ಟಡದ ಎಲೆಕ್ಟ್ರಿಷಿಯನ್, ಐಟಿಯ ಒಬ್ಬರು, ಅಡ್ಮಿನ್ ಅಥವಾ ಅಕೌಂಟ್ಸ್‌ನ ಒಬ್ಬರು, ಕೊನೆಗೆ ಉತ್ಸಾಹಿ ನೌಕರರ ಪರವಾಗಿ ಒಬ್ಬರು. ಏಳು ಸಾಕು. ಹನ್ನೆರಡಾದರೆ ಸಭೆ ಕೂಡಿಸುವುದೇ ಒಂದು ಕೆಲಸವಾಗುತ್ತದೆ.

ಸಭೆ ವಾರಕ್ಕೆ ಒಂದು, ಇಪ್ಪತ್ತು ನಿಮಿಷ. ಮಾತು ಕನ್ನಡದಲ್ಲಿರಲಿ, ಬೇಕಾದರೆ ನಡುವೆ ಹಿಂದಿ. ಸಭೆ ಇಂಗ್ಲಿಷಿನಲ್ಲಿ ನಡೆದ ಕ್ಷಣದಿಂದ ಹೌಸ್‌ಕೀಪಿಂಗ್ ಅಕ್ಕ, ಸೆಕ್ಯುರಿಟಿ ಅಣ್ಣ ಇಬ್ಬರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಇಡೀ ಆಫೀಸಿನಲ್ಲಿ ಎಲ್ಲಿ ಏನು ಪೋಲಾಗುತ್ತಿದೆ ಎಂದು ಕಣ್ಣಾರೆ ಕಂಡವರು ಅವರೇ. ಇನ್ನೊಂದು ಮಾತು: ಅವರು ಗುತ್ತಿಗೆ ನೌಕರರು. ಪಾಳಿ ಮುಗಿದ ಮೇಲೆ ಸಭೆಗೆ ನಿಲ್ಲಿಸಿಕೊಂಡರೆ ಮನೆಗೆ ಹೋಗುವ ಬಸ್ಸು ತಪ್ಪುತ್ತದೆ. ಪಾಳಿಯ ಒಳಗೇ ಸಭೆ ಇಡಿ.

ಮೇಲಧಿಕಾರಿಗಳ ಬಳಿ ‘ಬೆಂಬಲ ಕೊಡಿ’ ಎಂದು ಕೇಳಬೇಡಿ. ಕೊಟ್ಟೆ ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಮೂರನ್ನು ಬಿಡಿಸಿ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಒಂದು, ಕಳೆದ 24 ತಿಂಗಳ ಕರೆಂಟು ಬಿಲ್ಲು ಮತ್ತು ಜನರೇಟರಿನ ಡೀಸೆಲ್ ಖರ್ಚಿನ ಪ್ರತಿ. ಎರಡು, ಏಳೂ ಜನರಿಗೆ ವಾರಕ್ಕೆ ಇಪ್ಪತ್ತು ನಿಮಿಷ ಕೆಲಸದ ಸಮಯ. ಮೂರು, ಪ್ರತಿ ಸಲ ಸಹಿಗೆ ಓಡಾಡದೆ ಖರ್ಚು ಮಾಡಲು ಒಂದು ಸಣ್ಣ ಮೊತ್ತ. ಸ್ಟಿಕ್ಕರ್, ತೂಕದ ಯಂತ್ರ, ನಲ್ಲಿಯ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಪುಟ್ಟ ಜಾಲರಿ), ಹೊತ್ತಿಗೆ ಸರಿಯಾಗಿ ತಾನೇ ಆರುವ ಒಂದೆರಡು ಟೈಮರ್ ಪ್ಲಗ್ಗು ಬಂದರೆ ಸಾಕು. ಉಳಿತಾಯವಾದ ಹಣದ ಒಂದು ಪಾಲು ಯಾರಿಗೆ ಎಂಬುದನ್ನೂ ಅಂದೇ ಬರೆಸಿಕೊಳ್ಳಿ. ಆ ಪಾಲು ಹೌಸ್‌ಕೀಪಿಂಗ್, ಸೆಕ್ಯುರಿಟಿ, ಪ್ಯಾಂಟ್ರಿಯವರಿಗೆ ಹಬ್ಬದ ಹೊತ್ತಿಗೆ ನೇರವಾಗಿ ತಲುಪಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೆಚ್ಚುವರಿ ದುಡಿಮೆ ಬೀಳುವುದು ಅವರ ಮೇಲೆ.

ಎರಡನೇ ವಾರ: ಮೀಟರ್ ಓದಿ

ತಿಂಗಳ ಬಿಲ್ಲು ನೋಡಿ ಯಾರೂ ಅಭ್ಯಾಸ ಬದಲಿಸುವುದಿಲ್ಲ, ಏಕೆಂದರೆ ಅದು ಬರುವ ಹೊತ್ತಿಗೆ ಏನು ಮಾಡಿದ್ದೆವು ಎಂಬುದೇ ಮರೆತಿರುತ್ತದೆ. ನಿನ್ನೆಯ ಅಂಕಿ ಇಂದು ಬೆಳಿಗ್ಗೆ ಕಣ್ಣಿಗೆ ಬೀಳಬೇಕು.

ಬಾಡಿಗೆ ಕಟ್ಟಡಗಳಲ್ಲಿ ಬೆಸ್ಕಾಂ ಮೀಟರ್ ಮಾಲೀಕರ ಹೆಸರಿನಲ್ಲಿದ್ದು, ಪ್ರತಿ ಮಹಡಿಗೆ ಒಂದು ಸಬ್-ಮೀಟರ್ ಇರುವುದೇ ಹೆಚ್ಚು. ಬೇಸ್‌ಮೆಂಟಿನ ಎಲೆಕ್ಟ್ರಿಕಲ್ ರೂಮಿನಲ್ಲೋ ಮಹಡಿಯ ಲಿಫ್ಟ್ ಪಕ್ಕದ ಶಾಫ್ಟಿನಲ್ಲೋ ಅದನ್ನು ಕೂರಿಸಿರುತ್ತಾರೆ. ಎಲೆಕ್ಟ್ರಿಷಿಯನ್ ಜೊತೆ ಹೋಗಿ ನಿಮ್ಮದು ಯಾವುದು ಎಂದು ಗುರುತಿಸಿ, ಬಣ್ಣದ ಟೇಪ್ ಅಂಟಿಸಿ ಬನ್ನಿ. ಪಕ್ಕದ ಆಫೀಸಿನ ಮೀಟರನ್ನು ತಿಂಗಳುಗಟ್ಟಲೆ ಬರೆದುಕೊಳ್ಳುವ ಸಾಧ್ಯತೆ ನಿಜಕ್ಕೂ ಇದೆ.

ಡಿಜಿಟಲ್ ಮೀಟರಿನ ಪರದೆ ಒಂದೇ ಅಂಕಿ ತೋರಿಸುತ್ತಾ ನಿಲ್ಲುವುದಿಲ್ಲ. ದಿನಾಂಕ, ವೋಲ್ಟೇಜು, ಪವರ್ ಫ್ಯಾಕ್ಟರ್, ಗರಿಷ್ಠ ಬೇಡಿಕೆ ಎಂದು ಒಂದಾದ ಮೇಲೊಂದು ಬರುತ್ತಿರುತ್ತದೆ. ನಿಮಗೆ ಬೇಕಾದ್ದು ಕಿಲೋವ್ಯಾಟ್-ಅವರ್, ಅಂದರೆ ನಾವು ಯೂನಿಟ್ ಎನ್ನುವುದು. ಅದರ ಬೆನ್ನಿಗೇ ಕೆವಿಎ-ಅವರ್ ಎಂಬ ಇನ್ನೊಂದು ಅಂಕಿ ಬರುತ್ತದೆ, ನೋಡಲು ಹೆಚ್ಚುಕಡಿಮೆ ಒಂದೇ ಥರ. ಒಂದು ದಿನ ಇದು, ಒಂದು ದಿನ ಅದು ಬರೆದರೆ ಲೆಕ್ಕ ತಲೆಕೆಳಗು. ಮೊದಲ ದಿನ ಸರಿಯಾದ ಪರದೆಯ ಫೋಟೊ ತೆಗೆದು ಮುದ್ರಿಸಿ ಮೀಟರಿನ ಪಕ್ಕದಲ್ಲೇ ಅಂಟಿಸಿ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ದೊಡ್ಡ ಲೋಡಿನ ಮೀಟರುಗಳಿಗೆ ಕರೆಂಟು ಸಿಟಿ ಮೂಲಕ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ, ತಗ್ಗಿ ಹೋಗುತ್ತದೆ. 200/5 ಎಂಬ ಸಿಟಿ ಇದ್ದರೆ ಮೀಟರ್ ತೋರಿಸಿದ ಅಂಕಿಯನ್ನು 40ರಿಂದ ಗುಣಿಸಬೇಕಾಗಬಹುದು. ಗುಣಿಸಬೇಕೇ, ಎಷ್ಟರಿಂದ ಎಂಬುದು ಬಿಲ್ಲಿನಲ್ಲಿರುವ ಮೀಟರ್ ಕಾನ್‌ಸ್ಟಂಟ್ ನೋಡಿದರೆ ತಿಳಿಯುತ್ತದೆ; ಸಬ್-ಮೀಟರಾದರೆ ಎಲೆಕ್ಟ್ರಿಷಿಯನ್ ಬಳಿ ಕೇಳಿ. ಇದನ್ನು ಮರೆತವರು ‘ನಮ್ಮ ಆಫೀಸಿಗೆ ರಾತ್ರಿ ಬರೀ ಎರಡು ಯೂನಿಟ್ ಹೋಗುತ್ತೆ’ ಎಂದು ನೆಮ್ಮದಿಯಿಂದ ಇರುತ್ತಾರೆ.

ಓದುವ ಹೊತ್ತು ಎರಡು: ರಾತ್ರಿ 9 ಮತ್ತು ಬೆಳಿಗ್ಗೆ 7. ಓದುವವರು ಸೆಕ್ಯುರಿಟಿ, ಏಕೆಂದರೆ ಆ ಎರಡೂ ಹೊತ್ತಿನಲ್ಲಿ ಅಲ್ಲಿರುವುದು ಅವರೊಬ್ಬರೇ. ಉದಾಹರಣೆಗೆ ರಾತ್ರಿ 4812.6, ಬೆಳಿಗ್ಗೆ 4814.8. ವ್ಯತ್ಯಾಸ 2.2. ಅದನ್ನು 40ರಿಂದ ಗುಣಿಸಿದರೆ 88 ಯೂನಿಟ್. ಹತ್ತು ಗಂಟೆಗೆ ಭಾಗಿಸಿದರೆ ಯಾರೂ ಇಲ್ಲದ ಆಫೀಸು ಗಂಟೆಗೆ 8.8 ಯೂನಿಟ್, ಅಂದರೆ ಸತತ 8.8 ಕಿಲೋವ್ಯಾಟ್ ತಿನ್ನುತ್ತಿದೆ ಎಂದಾಯಿತು.

ಟೀ ಕುಡಿಯುವ ಜಾಗದಲ್ಲಿ ಒಂದು ಬಿಳಿ ಬೋರ್ಡು ತೂಗುಹಾಕಿ. ಅದರ ಮೇಲೆ ಒಂದೇ ಸಾಲು, ಕೈಬರಹದಲ್ಲಿ: ‘ನಿನ್ನೆ ರಾತ್ರಿ 88 ಯೂನಿಟ್’. ಇಂಗಾಲದ ಟನ್ನು, ಮರಗಳ ಚಿತ್ರ, ಬಣ್ಣದ ಗ್ರಾಫು ಯಾವುದೂ ಬೇಡ. ದಿನಾ ಬದಲಾಗುವ ಒಂದೇ ಅಂಕಿ ಇದ್ದರೆ ಜನ ತಾವಾಗಿ ಕೇಳುತ್ತಾರೆ, ಶುಕ್ರವಾರ ಯಾಕೆ ನೂರು ದಾಟಿತು ಎಂದು. ಆ ಪ್ರಶ್ನೆ ಬಂದ ದಿನ ನಿಮ್ಮ ಅರ್ಧ ಕೆಲಸ ಆಯಿತು.

ಮೂರರಿಂದ ಆರನೇ ವಾರ: ರಾತ್ರಿಯ ಕರೆಂಟು ಹಿಡಿಯಿರಿ

ಇದರಿಂದಲೇ ಶುರುಮಾಡಿ ಎನ್ನಲು ಕಾರಣ, ಇಲ್ಲಿ ಯಾರ ಸೌಕರ್ಯಕ್ಕೂ ಕುಂದು ಬರುವುದಿಲ್ಲ. ಎಸಿಯಿಂದ ಶುರುಮಾಡಿದರೆ ಮೊದಲ ದಿನವೇ ಜಗಳ.

ವರ್ಷದಲ್ಲಿ 8,760 ಗಂಟೆ. 250 ದಿನ, ದಿನಕ್ಕೆ ಹನ್ನೊಂದು ಗಂಟೆ ಆಫೀಸು ತೆರೆದಿರುತ್ತದೆ ಎಂದುಕೊಂಡರೆ 2,750. ಉಳಿದ ಆರು ಸಾವಿರ ಗಂಟೆ ಅಲ್ಲಿ ಯಾರೂ ಇಲ್ಲ. ಅಂದರೆ ಮರೆತುಬಿಟ್ಟ ಪ್ರತಿ ಒಂದು ಕಿಲೋವ್ಯಾಟ್ ವರ್ಷಕ್ಕೆ 6,000 ಯೂನಿಟ್. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಲೆಕ್ಕ ಹಿಡಿದರೆ 4.2 ಟನ್.

ಒಂದು ಸಂಜೆ ಏಳೂವರೆಗೆ ಎಲೆಕ್ಟ್ರಿಷಿಯನ್, ಸೆಕ್ಯುರಿಟಿ, ಐಟಿಯವರು ಮೂವರೂ ಸೇರಿ ಮಹಡಿಯ ಡಿಬಿ, ಅಂದರೆ ಕರೆಂಟು ಹಂಚುವ ಪೆಟ್ಟಿಗೆಯ ಮುಂದೆ ನಿಲ್ಲಿ. ಹೊರಗಿನ ಮುಚ್ಚಳ ತೆಗೆದರೆ ಸಾಲಾಗಿ ಎಂಸಿಬಿಗಳು, ಅಂದರೆ ಒಂದೊಂದು ಲೈನಿನ ಸುರಕ್ಷತಾ ಸ್ವಿಚ್ಚುಗಳು. ಮೊದಲ ಬಾಡಿಗೆದಾರರ ಕಾಲದಲ್ಲಿ ಅಂಟಿಸಿದ ಚೀಟಿ ಮಾಸಿಹೋಗಿರುತ್ತದೆ, ‘ಕ್ಯಾಬಿನ್ 2’ ಎಂದು ಬರೆದಿರುವುದು ಈಗ ಲ್ಯಾಬು. ಒಂದೊಂದು ಲೈನಿಗೂ ಎಲೆಕ್ಟ್ರಿಷಿಯನ್ ಕ್ಲ್ಯಾಂಪ್ ಮೀಟರ್ ಹಿಡಿದು ಎಷ್ಟು ಆಂಪಿಯರ್ ಹೋಗುತ್ತಿದೆ ಎಂದು ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ಒಳಗಿನ ಮುಚ್ಚಳ ತೆಗೆಯುವುದು, ತಂತಿ ಮುಟ್ಟುವುದು ಎಲೆಕ್ಟ್ರಿಷಿಯನ್ ಒಬ್ಬರೇ. ಈ ವಿಷಯದಲ್ಲಿ ರಾಜಿ ಇಲ್ಲ. ನಮ್ಮ ಉದಾಹರಣೆಯ 8.8 ಕಿಲೋವ್ಯಾಟ್ ಬಿಡಿಸಿದರೆ ಹೀಗಿರಬಹುದು: ಸರ್ವರ್ 2.5, ಸರ್ವರ್ ರೂಮಿನ ಎಸಿ 1.5, ಯುಪಿಎಸ್ ತಾನೇ ನುಂಗುವುದು 0.6, ಫ್ರಿಜ್ಜು, ಕಾಫಿ ಯಂತ್ರ, ಬಿಸಿನೀರಿನ ಡಿಸ್ಪೆನ್ಸರ್ ಸೇರಿ 0.8, ಆರಿಸದೆ ಹೋದ ಅರವತ್ತು ಕಂಪ್ಯೂಟರ್ 2.4, ದೀಪ 1.

ಆಮೇಲೆ ಪ್ರತಿ ಸ್ವಿಚ್ಚಿಗೂ ಸ್ಟಿಕ್ಕರ್. ಹಸಿರು ಇದ್ದರೆ ಯಾರು ಬೇಕಾದರೂ, ಯಾವಾಗ ಬೇಕಾದರೂ ಆರಿಸಬಹುದು. ಹಳದಿ ಇದ್ದರೆ ರಾತ್ರಿ ಎಂಟೂವರೆಯ ರೌಂಡ್ಸಿನಲ್ಲಿ ಸೆಕ್ಯುರಿಟಿ ಆರಿಸುತ್ತಾರೆ. ಕೆಂಪು ಮುಟ್ಟುವಂತಿಲ್ಲ: ಸರ್ವರ್, ಸಿಸಿ ಕ್ಯಾಮೆರಾ, ಬೆಂಕಿಯ ಅಲಾರಂ, ಬಾಗಿಲಿನ ಆಕ್ಸೆಸ್, ತುರ್ತು ದೀಪ. ಕೆಂಪು ಸ್ಟಿಕ್ಕರ್ ಮೊದಲು ಅಂಟಿಸಿ, ಉಳಿದದ್ದು ಆಮೇಲೆ. ಒಮ್ಮೆ ಸರ್ವರ್ ಬಿದ್ದರೆ ಈ ಕಾರ್ಯಕ್ರಮವೇ ಅಲ್ಲಿಗೆ ಮುಗಿಯುತ್ತದೆ.

ಸೆಕ್ಯುರಿಟಿಯವರು ಆರಿಸಲು ಹಿಂಜರಿಯುವುದಕ್ಕೆ ಕಾರಣವಿದೆ. ಹಿಂದೆ ಎಂದೋ ಆರಿಸಿದ್ದಕ್ಕೆ ಬೈಸಿಕೊಂಡಿರುತ್ತಾರೆ. ಹಾಗಾಗಿ ಮಾತು ಹೀಗಿರಲಿ: ‘ಅಣ್ಣಾ, ಹಳದಿ ಸ್ಟಿಕ್ಕರ್ ಇರೋದನ್ನೆಲ್ಲ ಎಂಟೂವರೆಗೆ ಆಫ್ ಮಾಡ್ಬಿಡಿ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಿ.’ ಹೇಳಿದ ಮೇಲೆ ಆ ಹೆಸರು, ಫೋನ್ ನಂಬರು ಸೆಕ್ಯುರಿಟಿ ಮೇಜಿನ ಗಾಜಿನ ಕೆಳಗೆ ಬರೆದಿಡಿ. ರಾತ್ರಿ ತಡವಾಗಿ ಕೂರುವವರು ಎಂಟು ಗಂಟೆಯೊಳಗೆ ಸೆಕ್ಯುರಿಟಿಗೆ ಹೇಳಿಹೋಗಲಿ. ಅವರ ಸಾಲಿನ ದೀಪ ಉಳಿಯುತ್ತದೆ.

ಕಂಪ್ಯೂಟರಿನ ವಿಷಯದಲ್ಲಿ ಜನರ ನೆನಪನ್ನು ನಂಬಬೇಡಿ. ಹದಿನೈದು ನಿಮಿಷ ಮುಟ್ಟದಿದ್ದರೆ ಪರದೆ ಆರಬೇಕು, ಅರ್ಧ ಗಂಟೆಗೆ ಯಂತ್ರ ಸ್ಲೀಪ್‌ಗೆ ಹೋಗಬೇಕು ಎಂದು ಐಟಿಯವರು ಎಲ್ಲ ಯಂತ್ರಗಳಿಗೂ ಒಟ್ಟಿಗೆ ಸೆಟ್ ಮಾಡಬಹುದು. ಅವರ ಅಡ್ಡಿ ಒಂದೇ: ಅಪ್‌ಡೇಟ್ ರಾತ್ರಿ ಹೋಗುತ್ತದೆ, ಯಂತ್ರ ಆನ್ ಇರಬೇಕು. ಅದಕ್ಕೆ ವಾರದಲ್ಲಿ ಒಂದು ರಾತ್ರಿ ಗೊತ್ತುಮಾಡಿ, ಉಳಿದ ಆರು ರಾತ್ರಿ ಮಲಗಲಿ. ಸ್ಕ್ರೀನ್‌ಸೇವರ್ ಓಡುತ್ತಿದ್ದರೆ ಕರೆಂಟು ಉಳಿಯುತ್ತದೆ ಎಂದು ಈಗಲೂ ನಂಬಿದವರಿದ್ದಾರೆ. ಏನೂ ಉಳಿಯುವುದಿಲ್ಲ.

ಬಿಸಿನೀರಿನ ಡಿಸ್ಪೆನ್ಸರ್, ಕಾಫಿ ಯಂತ್ರಕ್ಕೆ ಟೈಮರ್ ಪ್ಲಗ್ಗು ಹಾಕಿ. ಯಂತ್ರದ ಆಂಪಿಯರ್ ನೋಡಿ ಪ್ಲಗ್ಗು ತನ್ನಿ. ಹೀಟರ್ ಇರುವುದಕ್ಕೆ 16 ಆಂಪಿಯರಿನದೇ ಬೇಕು, ಚಿಕ್ಕದು ಹಾಕಿದರೆ ಕರಗುತ್ತದೆ. ಸರ್ವರ್ ರೂಮನ್ನು 18 ಡಿಗ್ರಿಗೆ ಇಡುವ ರೂಢಿಗೂ ಆಧಾರವಿಲ್ಲ. ಸರ್ವರಿನ ಮುಂಭಾಗಕ್ಕೆ ಬರುವ ಗಾಳಿ 18ರಿಂದ 27 ಡಿಗ್ರಿ ಇದ್ದರೆ ಸಾಕು ಎಂಬುದು ಆ ಕ್ಷೇತ್ರದವರೇ ಒಪ್ಪಿದ ಮಿತಿ. ಒಂದು ಥರ್ಮಾಮೀಟರ್ ಅಲ್ಲೇ ತೂಗುಹಾಕಿ, ವಾರಕ್ಕೊಂದು ಡಿಗ್ರಿಯಂತೆ 24ಕ್ಕೆ ತನ್ನಿ.

ಕಂಪ್ಯೂಟರ್ 2.4, ದೀಪದಲ್ಲಿ 0.7, ಪ್ಯಾಂಟ್ರಿಯಲ್ಲಿ 0.3. ಇಷ್ಟು ನಿಂತರೆ 3.4 ಕಿಲೋವ್ಯಾಟ್. ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಯೂನಿಟ್, ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ಅಕೌಂಟ್ಸಿನವರಿಗೆ ತೋರಿಸಿ.

ಎಸಿ: ವಾರಕ್ಕೆ ಅರ್ಧ ಡಿಗ್ರಿ

ಈಗ ಜನರಿಗೆ ನಿಮ್ಮ ಮೇಲೆ ಸ್ವಲ್ಪ ನಂಬಿಕೆ ಬಂದಿದೆ. ಎಸಿಗೆ ಕೈಹಾಕಬಹುದು.

ಬಿಇಇ, ಅಂದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುವಂತೆ ಒಂದು ಡಿಗ್ರಿ ಏರಿಸಿದರೆ ಎಸಿಯ ಕರೆಂಟಿನಲ್ಲಿ ಸುಮಾರು ಶೇ. 6 ಉಳಿಯುತ್ತದೆ. 2020ರ ಜನವರಿಯಿಂದ ಮಾರಾಟವಾಗುವ ಸ್ಟಾರ್ ಗುರುತಿನ ರೂಮ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮವೂ ಇದೆ. ಆದರೂ 21ರಲ್ಲಿ ಓಡುತ್ತಿದ್ದುದನ್ನು ಸೋಮವಾರ ಬೆಳಿಗ್ಗೆ ಏಕಾಏಕಿ 24ಕ್ಕೆ ಏರಿಸಿದರೆ ಮಧ್ಯಾಹ್ನದೊಳಗೆ ಯಾರೋ ಒಬ್ಬರು 18ಕ್ಕೆ ಇಳಿಸಿರುತ್ತಾರೆ. ವಾರಕ್ಕೆ ಅರ್ಧ ಡಿಗ್ರಿ ಏರಿಸಿ. ಏರಿಸುತ್ತಿದ್ದೇವೆ ಎಂದು ಮೊದಲೇ ತಿಳಿಸಿ. ಗುಟ್ಟಾಗಿ ಮಾಡಿದ್ದು ಗೊತ್ತಾದರೆ ಬೋರ್ಡಿನ ಮೇಲಿನ ಅಂಕಿಯನ್ನೂ ಜನ ನಂಬುವುದಿಲ್ಲ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ ಎಂದೂ ಹೇಳಿ. ಸಾಮಾನ್ಯ ಎಸಿ ಕೊಡುವ ತಂಪಿನ ವೇಗ ಅಷ್ಟೇ, ನಿಲ್ಲಬೇಕಾದಾಗ ನಿಲ್ಲದೆ ಓಡುತ್ತದೆ, ಅಷ್ಟೇ ವ್ಯತ್ಯಾಸ.

ಒಬ್ಬರು ಶಾಲು ಹೊದ್ದು ಕೂತಿರುತ್ತಾರೆ, ನಾಲ್ಕು ಮೇಜಿನಾಚೆ ಇನ್ನೊಬ್ಬರು ಬೆವರುತ್ತಿರುತ್ತಾರೆ. ಇದು ಡಿಗ್ರಿಯ ಜಗಳವೇ ಅಲ್ಲ, ಗಾಳಿ ಹಂಚಿಕೆಯದು. ಛಾವಣಿಯ ಗಾಳಿಕಿಂಡಿಗಳ ಕೆಳಗೆ ಒಂದು ತೆಳು ಕಾಗದದ ಪಟ್ಟಿ ಹಿಡಿದು ನೋಡುತ್ತ ಬನ್ನಿ. ಎಲ್ಲಿ ಜೋರಾಗಿ ಹಾರುತ್ತದೆ, ಎಲ್ಲಿ ಅಲ್ಲಾಡುವುದೂ ಇಲ್ಲ ಎಂದು ಮಹಡಿಯ ನಕ್ಷೆಯ ಮೇಲೆ ಗುರುತು ಹಾಕಿ. ಕಿಂಡಿಯೊಳಗೆ ಗಾಳಿ ಹೆಚ್ಚುಕಡಿಮೆ ಮಾಡುವ ಡ್ಯಾಂಪರನ್ನು ಎಸಿ ಮೆಕ್ಯಾನಿಕ್ ಒಂದು ಗಂಟೆಯಲ್ಲಿ ಸರಿಹೊಂದಿಸಬಹುದು. ಸೆಖೆ ಅಳೆದು ಎಸಿ ಓಡಿಸುವ ಥರ್ಮೋಸ್ಟಾಟ್ ಎಲ್ಲಿದೆ ಎಂದೂ ನೋಡಿ: ಅದು ಝೆರಾಕ್ಸ್ ಯಂತ್ರದ ಹಿಂದಿನ ಗೋಡೆಯಲ್ಲೋ ಪಡುವಣ ಬಿಸಿಲು ಬೀಳುವ ಕಡೆಯೋ ಇದ್ದರೆ ಇಡೀ ಮಹಡಿ ಆ ಒಂದು ಮೂಲೆಯ ಸೆಖೆಗಾಗಿ ನಡುಗುತ್ತದೆ. ಪಶ್ಚಿಮದ ಕಿಟಕಿಯ ಬ್ಲೈಂಡು ಮಧ್ಯಾಹ್ನ ಎರಡಕ್ಕೆ ಇಳಿಸುವುದನ್ನು ಆ ಸಾಲಿನಲ್ಲಿ ಕೂರುವವರಿಗೆ ಒಪ್ಪಿಸಿ. ಫಿಲ್ಟರ್ ತಿಂಗಳಿಗೊಮ್ಮೆ ತೊಳೆಯಬೇಕು, ಕಟ್ಟಡದ ಪಕ್ಕ ಮೆಟ್ರೊ ಕಾಮಗಾರಿಯ ಧೂಳಿದ್ದರೆ ಹದಿನೈದು ದಿನಕ್ಕೊಮ್ಮೆ.

ಬೆಂಗಳೂರಿನಲ್ಲಿರುವವರಿಗೆ ಇನ್ನೊಂದು ಅನುಕೂಲವಿದೆ. ನವೆಂಬರಿನಿಂದ ಫೆಬ್ರುವರಿವರೆಗೆ ಬೆಳಗಿನ ಹೊತ್ತು ಹೊರಗಿನ ಗಾಳಿಯೇ 24 ಡಿಗ್ರಿಗಿಂತ ತಂಪು. ಕಿಟಕಿ ತೆರೆಯುವಂತಿದ್ದರೆ ಹತ್ತೂವರೆವರೆಗೆ ತೆರೆದಿಡಿ, ಎಸಿ ಆಮೇಲೆ. ಗಾಜು ಮುಚ್ಚಿದ ಕಟ್ಟಡವಾದರೆ ಕಟ್ಟಡದ ಫೆಸಿಲಿಟಿಯವರ ಬಳಿ ಹೋಗಿ, ಕಂಪ್ರೆಸರ್ ಓಡಿಸದೆ ಹೊರಗಿನ ಗಾಳಿ ಮಾತ್ರ ತಳ್ಳುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ಫ್ಯಾನು ಹಾಕಲು ಜಾಗವಿದ್ದರೆ ಕಡಿಮೆ ಕರೆಂಟಿನ ಮೋಟರಿರುವ ಬಿಎಲ್‌ಡಿಸಿ ಫ್ಯಾನು ತನ್ನಿ, 30 ವ್ಯಾಟ್ ಆಸುಪಾಸು ಸಾಕು. ಹಳೆಯ ಫ್ಯಾನು 75 ವ್ಯಾಟ್. ಗಾಳಿ ಆಡುತ್ತಿದ್ದರೆ 26 ಡಿಗ್ರಿಯೂ ಹಿತ.

ಕರೆಂಟಿನಷ್ಟೇ ಮುಖ್ಯವಾದದ್ದು ಎಸಿಯೊಳಗಿನ ಗ್ಯಾಸು. ಆರ್-410ಎ ಎಂಬ ಬಗೆಯ ಗ್ಯಾಸು ಒಂದು ಕಿಲೊ ಸೋರಿಹೋದರೆ ಅದು ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. 900 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಆರ್-32 ಎಂಬ ಇನ್ನೊಂದು ಬಗೆಯದಾದರೆ ಅದರ ಮೂರನೇ ಒಂದು ಭಾಗ. ‘ತಂಪಾಗ್ತಿಲ್ಲ’ ಎಂದು ದೂರು ಕೊಟ್ಟರೆ ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿಸಿ ಹೋಗುತ್ತಾರೆ, ಮೂರು ತಿಂಗಳಿಗೆ ಮತ್ತೆ ಅದೇ ದೂರು. ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ನೈಟ್ರೋಜನ್ ಒತ್ತಡ ಕೊಟ್ಟು, ಸೋಪಿನ ನೀರು ಹಚ್ಚಿ ಸೋರುವ ಜಾಗ ಹುಡುಕಿ ಬೆಸೆದ ಮೇಲೆಯೇ ಗ್ಯಾಸ್ ತುಂಬಬೇಕು; ಹಳೆಯ ಎಸಿ ಬಿಚ್ಚುವಾಗ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿಯಬೇಕು. ಈ ಒಂದು ಸಾಲಿಗೆ ನೂರು ಪೋಸ್ಟರು ಸಮವಲ್ಲ.

ಲೋಟ, ತಟ್ಟೆ, ಬಕೆಟ್ಟು

120 ಜನ ದಿನಕ್ಕೆ ಮೂರು ಸಲ ಪೇಪರ್ ಕಪ್ಪಿನಲ್ಲಿ ಕುಡಿದರೆ ವರ್ಷಕ್ಕೆ 90,000 ಕಪ್ಪು. ಸಾಮಾನ್ಯ ಪೇಪರ್ ಕಪ್ಪಿನ ಒಳಮೈಗೆ ಪ್ಲಾಸ್ಟಿಕ್ಕಿನ ತೆಳು ಪದರ ಇರುವುದರಿಂದ ಕಾಗದದ ರದ್ದಿಗೂ ಅದು ಸುಲಭಕ್ಕೆ ಸೇರುವುದಿಲ್ಲ. ಸ್ಟೀಲ್ ಲೋಟವೋ ಸ್ವಂತ ಮಗ್ಗೋ ತರಿಸುವುದು ಎಲ್ಲರಿಗೂ ಹೊಳೆಯುತ್ತದೆ. ಎಡವುವುದು ತೊಳೆಯುವ ವಿಷಯದಲ್ಲಿ. ಮುನ್ನೂರು ಲೋಟ ತೊಳೆಯುವುದು ಒಬ್ಬರ ಎರಡು ಗಂಟೆಯ ಕೆಲಸ. ಆ ಸಮಯವನ್ನು ಯಾರೂ ಲೆಕ್ಕಕ್ಕೆ ಹಿಡಿಯದೆ ಪ್ಯಾಂಟ್ರಿಯ ಅಕ್ಕನ ತಲೆಗೆ ಕಟ್ಟಿದರೆ ತಿಂಗಳೊಳಗೆ ಪೇಪರ್ ಕಪ್ಪಿನ ಡಬ್ಬ ವಾಪಸು ಬರುತ್ತದೆ, ಬರಬೇಕಾದ್ದೇ ನ್ಯಾಯ. ಎರಡರಲ್ಲಿ ಒಂದು ಮಾಡಿ: ಅವರವರ ಮಗ್ಗು ಅವರವರೇ ತೊಳೆಯುವುದು, ಅತಿಥಿಗಳಿಗೆ ಮಾತ್ರ ಹನ್ನೆರಡು ಲೋಟ ಬೇರೆ, ಇಲ್ಲವೇ ಕಪ್ಪಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ತೊಳೆಯುವವರಿಗೆ ಹೆಚ್ಚಿನ ಗಂಟೆಯ ಸಂಬಳ. ಪೇಪರ್ ಕಪ್ಪು ಕಪಾಟಿನಲ್ಲಿ ಇಟ್ಟುಕೊಂಡು ‘ಬಳಸಬೇಡಿ’ ಎಂದರೆ ಯಾರೂ ಕೇಳುವುದಿಲ್ಲ. ತರಿಸುವುದನ್ನೇ ನಿಲ್ಲಿಸಬೇಕು.

ಕ್ಯಾಂಟೀನ್ ಅಥವಾ ಕೇಟರಿಂಗ್ ಊಟವಿದ್ದರೆ ಎರಡು ಬಕೆಟ್ಟು ಇಡಿ, ಒಂದರಲ್ಲೇ ಎಲ್ಲ ಸುರಿಯಬೇಡಿ. ತಟ್ಟೆಯಲ್ಲಿ ಬಿಟ್ಟದ್ದು ಒಂದಕ್ಕೆ, ಪಾತ್ರೆಯಲ್ಲಿ ಬಡಿಸದೆ ಉಳಿದದ್ದು ಇನ್ನೊಂದಕ್ಕೆ. ಕೈತೂಕದ ಡಿಜಿಟಲ್ ಯಂತ್ರದಿಂದ ದಿನಾ ತೂಗಿ ಬರೆಯಿರಿ. ಎರಡರ ಕಾರಣ ಬೇರೆ ಬೇರೆ. ತಟ್ಟೆಯ ಬಕೆಟ್ಟು ಭಾರವಾಗಿದ್ದರೆ ಬಡಿಸುವ ಸೌಟು ದೊಡ್ಡದಾಯಿತು, ಇಲ್ಲವೇ ಆ ದಿನದ ಪಲ್ಯ ರುಚಿಸಲಿಲ್ಲ. ಅನ್ನದ ಸೌಟು ಚಿಕ್ಕದು ಮಾಡಿ, ಎರಡನೇ ಸಲ ಧಾರಾಳವಾಗಿ ಬಡಿಸಿ. ಪಾತ್ರೆಯ ಬಕೆಟ್ಟು ಭಾರವಾಗಿದ್ದರೆ ತಲೆ ಎಣಿಕೆ ತಪ್ಪಿದೆ. ಊಟ ಬೇಕೋ ಬೇಡವೋ ಎಂದು ಬೆಳಿಗ್ಗೆ ಹತ್ತರೊಳಗೆ ತಿಳಿಸುವ ಪದ್ಧತಿ ತನ್ನಿ. ಶುಕ್ರವಾರ ಅರ್ಧ ಜನ ಮನೆಯಿಂದ ಕೆಲಸ ಮಾಡುವ ಆಫೀಸುಗಳಲ್ಲಿ ಇದೊಂದರಿಂದಲೇ ಎರಡನೇ ಬಕೆಟ್ಟು ಖಾಲಿಯಾಗುತ್ತದೆ.

ಮೆನುವಿನ ಬಗ್ಗೆ ಒಂದು ಎಚ್ಚರಿಕೆ. ನೀರು ನಿಲ್ಲಿಸಿದ ಭತ್ತದ ಗದ್ದೆ, ಮೆಲುಕು ಹಾಕುವ ಪ್ರಾಣಿ ಎರಡರಿಂದಲೂ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ ಎಂಬುದು ನಿಜ. ಆದರೆ ನಮ್ಮಲ್ಲಿ ಯಾರು ಏನು ತಿನ್ನುತ್ತಾರೆ ಎಂಬ ಮಾತಿಗೆ ಜಾತಿ, ಧರ್ಮ ತಕ್ಷಣ ಅಂಟಿಕೊಳ್ಳುತ್ತವೆ. ಹವಾಮಾನದ ಹೆಸರಿನಲ್ಲಿ ಸಹೋದ್ಯೋಗಿಯ ತಟ್ಟೆಯತ್ತ ಬೆರಳು ತೋರಿಸುವ ಆಫೀಸು ಆಗಬಾರದು. ವಾರಕ್ಕೊಂದು ದಿನ ರಾಗಿ ಮುದ್ದೆ ಬಸ್ಸಾರು, ಒಂದು ದಿನ ಜೋಳದ ರೊಟ್ಟಿ ಎಣ್ಣೆಗಾಯಿ ಸೇರಿಸಿ, ರುಚಿ ತಾನೇ ಜನರನ್ನು ಕರೆಯುತ್ತದೆ. ಉಳಿದಂತೆ ಪೋಲಾಗುವುದರ ಮೇಲೆ ಮಾತ್ರ ಕೆಲಸ ಮಾಡಿ.

ಕಸ ಬೇರ್ಪಡಿಸುವುದಕ್ಕೆ ಮೇಜಿನ ಕೆಳಗಿನ ಬುಟ್ಟಿಗಳನ್ನು ತೆಗೆಯುವುದೇ ಮೊದಲ ಹೆಜ್ಜೆ. ಕೈಗೆ ಸಿಗುವಲ್ಲಿ ಬುಟ್ಟಿ ಇರುವವರೆಗೆ ಬಾಳೆಹಣ್ಣಿನ ಸಿಪ್ಪೆಯೂ ಕಾಗದವೂ ಒಟ್ಟಿಗೇ ಬೀಳುತ್ತವೆ. ಮಹಡಿಗೆ ಎರಡು ಕಡೆ ಹಸಿ, ಒಣ, ಇತರೆ ಎಂದು ಮೂರು ಡಬ್ಬ. ಮೇಲೆ ಬರಹಕ್ಕಿಂತ ನಿಮ್ಮದೇ ಆಫೀಸಿನಲ್ಲಿ ಬೀಳುವ ವಸ್ತುಗಳ ಫೋಟೊ ಅಂಟಿಸಿ. ನಂತರ ಒಂದು ದಿನ ಆ ಕಸದ ಹಿಂದೆ ಕೆಳಗಿಳಿದು ಹೋಗಿ. ಮೂರೂ ಡಬ್ಬ ಒಂದೇ ಕಪ್ಪು ಕವರಿಗೆ ಬೀಳುತ್ತಿದ್ದರೆ, ಇಲ್ಲವೇ ಟೆಂಪೊದಲ್ಲಿ ಕಲಸಿಹೋಗುತ್ತಿದ್ದರೆ ಮೇಲೆ ಮಾಡಿದ್ದೆಲ್ಲ ವ್ಯರ್ಥ, ಅದನ್ನು ಒಬ್ಬರು ನೋಡಿದರೂ ಸಾಕು, ಮರುದಿನದಿಂದ ಯಾರೂ ಬೇರ್ಪಡಿಸುವುದಿಲ್ಲ. ಕಟ್ಟಡದ ಕಸದ ಗುತ್ತಿಗೆಯಲ್ಲಿ ಬೇರೆ ಬೇರೆ ಒಯ್ಯಬೇಕೆಂದು ಬರೆಸಿ. ಒಣ ಕಸವನ್ನು ನಿಮ್ಮ ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನೇರ ಕೊಡಬಹುದೇ ವಿಚಾರಿಸಿ.

ತಾರಸಿಯಲ್ಲಿ ಗೊಬ್ಬರ ಮಾಡುವ ಆಸೆ ಎಲ್ಲ ತಂಡಗಳಿಗೂ ಬರುತ್ತದೆ. ಮೊದಲ ಆರು ತಿಂಗಳು ಬೇಡ. ದಿನಕ್ಕೆ ಎಂಟು ಕಿಲೊ ಹಸಿ ಕಸಕ್ಕೆ ಅದರ ಅರ್ಧದಿಂದ ಸಮ ಪ್ರಮಾಣದಷ್ಟು ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಬೇಕು, ಸಾರು ಬಸಿದು ಹಾಕಬೇಕು, ಎರಡು ಮೂರು ದಿನಕ್ಕೊಮ್ಮೆ ಮಗುಚಬೇಕು. ಮೂರು ದಿನದ ರಜೆ ಬಂದು ಮಗುಚುವವರಿಲ್ಲದಿದ್ದರೆ ನೀರುನೀರಾಗಿ ನಾರುತ್ತದೆ, ಪಕ್ಕದ ಕಟ್ಟಡದಿಂದ ದೂರು ಬರುತ್ತದೆ.

ಓಡಾಟ

ಒಂದು ಲೀಟರ್ ಪೆಟ್ರೋಲ್ ಸುಟ್ಟರೆ 2.3 ಕಿಲೊ ಇಂಗಾಲದ ಡೈಆಕ್ಸೈಡ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬರೇ ದಿನಾ 40 ಕಿಲೋಮೀಟರ್ ಓಡಾಡಿದರೆ 220 ದಿನಕ್ಕೆ 1.3 ಟನ್ನಿಗಿಂತ ಹೆಚ್ಚು. ಮೇಲೆ ರಾತ್ರಿಯ ಕರೆಂಟಿನಲ್ಲಿ ಉಳಿಸಿದ 14 ಟನ್ ಅಂದರೆ ಇಂಥ ಹತ್ತು ಕಾರುಗಳ ಲೆಕ್ಕ.

ಸಮೀಕ್ಷೆಯಲ್ಲಿ ನಾಲ್ಕೇ ಪ್ರಶ್ನೆ ಇರಲಿ: ಪಿನ್‌ಕೋಡ್, ಹೊರಡುವ ಹೊತ್ತು, ಹೇಗೆ ಬರುತ್ತೀರಿ, ಬಸ್ಸು-ಮೆಟ್ರೊ ಹಿಡಿಯಲು ಅಡ್ಡಿ ಏನು. ಮನೆ ವಿಳಾಸ ಕೇಳಬೇಡಿ. ನಾಲ್ಕನೆಯ ಉತ್ತರವೇ ಮುಖ್ಯ. ಹೆಚ್ಚಿನವರ ಅಡ್ಡಿ ಮೆಟ್ರೊ ಇಳಿದ ಮೇಲಿನ ಒಂದೆರಡು ಕಿಲೋಮೀಟರು. ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 2023ರ ಅಕ್ಟೋಬರಿನಿಂದ ಪೂರ್ತಿ ಓಡುತ್ತಿದೆ, ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರ ಮುಟ್ಟಿತು. ನಿಮ್ಮ ಆಫೀಸು ಈ ಸಾಲಿನಲ್ಲಿದ್ದರೆ ನಿಲ್ದಾಣದಿಂದ ಗೇಟಿನವರೆಗೆ ಬೆಳಿಗ್ಗೆ ಒಂಬತ್ತರಿಂದ ಹತ್ತೂವರೆ, ಸಂಜೆ ಐದೂವರೆಯಿಂದ ಏಳೂವರೆ ಒಂದು ವ್ಯಾನ್ ಓಡಿಸುವುದಕ್ಕೆ ಅಕ್ಕಪಕ್ಕದ ಎರಡು ಮೂರು ಆಫೀಸುಗಳನ್ನು ಸೇರಿಸಿಕೊಳ್ಳಿ. ಒಬ್ಬರಿಗೆ ದುಬಾರಿ, ಮೂವರಿಗೆ ಹಗುರ.

ಕಾರು ಹಂಚಿಕೊಳ್ಳಲು ಜನ ಹಿಂಜರಿಯುವುದು ಬೆಳಗಿನ ಹೊತ್ತಿನ ಬಗ್ಗೆ ಅಲ್ಲ. ಮಧ್ಯಾಹ್ನ ಮಗುವಿನ ಶಾಲೆಯಿಂದ ಫೋನ್ ಬಂದರೆ ಹೇಗೆ ಹೋಗಲಿ ಎಂಬ ಅಳುಕು. ಅದಕ್ಕೊಂದು ಭರವಸೆ ಕೊಡಿ: ಹಂಚಿಕೊಂಡು ಬಂದವರಿಗೆ, ಬಸ್ಸು-ಮೆಟ್ರೊದಲ್ಲಿ ಬಂದವರಿಗೆ ತುರ್ತು ಬಂದರೆ ಆಟೊ ಅಥವಾ ಕ್ಯಾಬಿನ ಬಾಡಿಗೆ ಕಂಪನಿಯದು, ವರ್ಷಕ್ಕೆ ನಾಲ್ಕು ಸಲದವರೆಗೆ, ಪ್ರಶ್ನೆಯಿಲ್ಲದೆ. ಲಿಫ್ಟಿಗೆ ಹತ್ತಿರದ ಪಾರ್ಕಿಂಗ್ ಮೂವರು ಬರುವ ಕಾರಿಗೆ ಮೀಸಲಿಡಿ. ಈಗ ಆ ಜಾಗ ಹಿರಿಯ ಅಧಿಕಾರಿಗಳದ್ದಾಗಿರುತ್ತದೆ. ಅವರು ಬಿಟ್ಟುಕೊಟ್ಟ ದಿನ ಇಡೀ ಆಫೀಸು ಗಮನಿಸುತ್ತದೆ. ಪಾರ್ಕಿಂಗ್ ಬಳಸದವರಿಗೆ ಅದರ ಬದಲು ಮೆಟ್ರೊ ಕಾರ್ಡಿಗೆ ಹಣ ತುಂಬಿಕೊಡುವುದು ನ್ಯಾಯವಾದ ಮಾತು. ಹಂಚಿಕೆಯ ಜೊತೆಗಾರರನ್ನು ಹೆಂಗಸರು ತಾವೇ ಆರಿಸಿಕೊಳ್ಳಲಿ, ಪಟ್ಟಿ ಮಾಡಿ ಒಟ್ಟಿಗೆ ಹಾಕಬೇಡಿ. ರಾತ್ರಿ ಪಾಳಿಯ ಮಹಿಳೆಯರಿಗೆ ಕಂಪನಿಯ ವಾಹನ ಕೊಡುವುದು ಕಾನೂನಿನ ಹೊಣೆ, ಅದನ್ನು ಇದರಲ್ಲಿ ಬೆರೆಸಲೇಬೇಡಿ.

ನೀರು

ಬೆಂಗಳೂರಿಗೆ ಕಾವೇರಿ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪಾಗಿ. ನೀರು ಉಳಿದರೆ ಕರೆಂಟೂ ಉಳಿಯಿತು. 2024ರ ಬರದ ಬೇಸಿಗೆಯಲ್ಲಿ ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತ್ತು. ಹಾಕಿದ್ದರೆ ಮೂರು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿ. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿಕೊಂಡರೆ ನೀರು ಬರುತ್ತಿಲ್ಲವೆಂದು ಯಾರೋ ಕಿತ್ತೇ ಹಾಕುತ್ತಾರೆ.

ಎಲ್ಲಿ ಕೈಬಿಟ್ಟುಹೋಗುತ್ತದೆ

ಒಟ್ಟೊಟ್ಟಿಗೆ ಎಲ್ಲವನ್ನೂ ಶುರುಮಾಡಿದಾಗ. ಒಂದು ಕೆಲಸಕ್ಕೆ ನಾಲ್ಕಾರು ವಾರ ಕೊಡಿ, ಅದು ಯಾರೂ ಹೇಳದೆ ನಡೆಯತೊಡಗಿದ ಮೇಲೆ ಮುಂದಿನದು.

ವಿಭಾಗಗಳ ನಡುವೆ ಸ್ಪರ್ಧೆ ಇಟ್ಟಾಗ. ಕಾಲ್ ಸೆಂಟರಿನ ಸಾಲು ಅಕೌಂಟ್ಸಿನ ಸಾಲಿಗಿಂತ ಹೆಚ್ಚು ಕರೆಂಟು ಬಳಸಲೇಬೇಕು, ಅವರನ್ನು ಕೊನೆಯವರೆಂದು ತೋರಿಸಿದರೆ ಮುನಿಸು ಉಳಿಯುತ್ತದೆ. ಇಡೀ ಆಫೀಸಿನ ಅಂಕಿಯನ್ನು ಹೋದ ವರ್ಷದ ಅದೇ ತಿಂಗಳಿನ ಜೊತೆ ಮಾತ್ರ ಹೋಲಿಸಿ. ಏಪ್ರಿಲ್ಲನ್ನು ಡಿಸೆಂಬರಿನ ಜೊತೆ ಹೋಲಿಸಿದರೆ ಸೋತಂತೆಯೇ ಕಾಣುತ್ತದೆ. ಜನ ಹೆಚ್ಚಿದ್ದರೆ, ಸೀಟು ಬದಲಾಗಿದ್ದರೆ ಪಕ್ಕದಲ್ಲಿ ಬರೆಯಿರಿ.

ಸೆಕ್ಯುರಿಟಿ ಏಜೆನ್ಸಿ ಬದಲಾದಾಗ. ಹೊಸದಾಗಿ ಬಂದವರಿಗೆ ಹಳದಿ ಸ್ಟಿಕ್ಕರಿನ ಅರ್ಥ ಗೊತ್ತಿರುವುದಿಲ್ಲ, ಹಳಬರು ಹೇಳಿಕೊಟ್ಟು ಹೋಗಿರುವುದಿಲ್ಲ. ಒಂದು ಪುಟದ ಸೂಚನೆಯನ್ನು ಕನ್ನಡದಲ್ಲಿ, ಹಿಂದಿಯಲ್ಲಿ ಬರೆದು ರೌಂಡ್ಸ್ ಪುಸ್ತಕದ ಮೊದಲ ಹಾಳೆಗೆ ಅಂಟಿಸಿ, ಹೊಸಬರ ಜೊತೆ ಮೊದಲ ರಾತ್ರಿ ತಂಡದ ಒಬ್ಬರು ರೌಂಡ್ಸ್ ಹೋಗಿ ಬನ್ನಿ.

ಕೊನೆಯದು ಬಹಳ ಸಣ್ಣದು. ಬೋರ್ಡಿನ ಮಾರ್ಕರ್ ಒಣಗಿಹೋಗಿ ಎರಡು ದಿನ ಅಂಕಿ ಬರೆಯುವುದಿಲ್ಲ, ಮೂರನೇ ದಿನ ಆ ಜಾಗದಲ್ಲಿ ಯಾರದೋ ಹುಟ್ಟುಹಬ್ಬದ ಸುದ್ದಿ ಬರುತ್ತದೆ, ವಾರ ಕಳೆದರೆ ಮೀಟರ್ ಓದುವುದೂ ನಿಂತಿರುತ್ತದೆ. ಎರಡು ಹೊಸ ಮಾರ್ಕರ್ ಸೆಕ್ಯುರಿಟಿ ಮೇಜಿನ ಡ್ರಾಯರಿನಲ್ಲಿ ಸದಾ ಇಟ್ಟಿರಿ.